ಕಪ್ಪತಗುಡ್ಡದ ಗಾಳಿಯಲ್ಲಿ ಗಿಡದ ಆವಿ ಎಷ್ಟು? ಅಳೆಯುವ ಬಗೆ

ಮೊದಲ ಸಲ ನಾವು ಹಿಡಿದು ತಂದ ಹನ್ನೆರಡು ಕೊಳವೆಗಳಲ್ಲಿ ಕಪ್ಪತಗುಡ್ಡದ ಗಾಳಿಗಿಂತ ತಲೆನೋವಿನ ಮುಲಾಮೇ ಹೆಚ್ಚಿತ್ತು. ಧಾರವಾಡದಿಂದ ನಸುಕಿನಲ್ಲೇ ಹೊರಟಿದ್ದೆವು. ಗದಗ ದಾಟುವಷ್ಟರಲ್ಲಿ ಜೊತೆಗಿದ್ದ ಗೆಳೆಯನಿಗೆ ತಲೆ ಸಿಡಿಯತೊಡಗಿತು. ಹಣೆಗೆ ಮುಲಾಮು ತಿಕ್ಕಿಕೊಂಡ, ಅದೇ ಬೆರಳುಗಳಿಂದ ದಿನವಿಡೀ ಕೊಳವೆಗಳ ಮುಚ್ಚಳ ತೆಗೆದ. ಪ್ರಯೋಗಾಲಯದ ವರದಿಯಲ್ಲಿ ಸಿನಿಯೋಲ್ ಎಂಬ ಹೆಸರು ಕಂಡಾಗ ಒಂದು ಗಳಿಗೆ ಹಿಗ್ಗಿದೆವು. ಅದು ನೀಲಗಿರಿ ಎಲೆಯ ಎಣ್ಣೆಯ ಮುಖ್ಯ ಅಂಶ. ಆದರೆ ನಾವು ನಿಂತಿದ್ದ ಜಾಗದ ಸುತ್ತ ಒಂದೂ ನೀಲಗಿರಿ ಮರವಿರಲಿಲ್ಲ. ಕೆಳಗಿನ ಸಾಲುಗಳಲ್ಲಿ ಕರ್ಪೂರ ಮತ್ತು ಮೆಂಥಾಲ್ ಇದ್ದುದನ್ನು ನೋಡಿದ ಮೇಲೆ ಮಾತನಾಡಲು ಏನೂ ಉಳಿಯಲಿಲ್ಲ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಏನು ಮಾಡಬೇಕು ಎನ್ನುವುದಕ್ಕಿಂತ ಏನನ್ನು ಹತ್ತಿರ ಬಿಟ್ಟುಕೊಳ್ಳಬಾರದು ಎನ್ನುವುದೇ ಹೆಚ್ಚು. ಕಾಲೇಜಿನ ಪ್ರಾಜೆಕ್ಟಿಗೆ ಇದನ್ನು ಕೈಗೆತ್ತಿಕೊಳ್ಳುವವರು, ರಸಾಯನಶಾಸ್ತ್ರ ಕಲಿಸುವವರು, ಕಾಡಿನ ಗಾಳಿಯ ಬಗ್ಗೆ ಕುತೂಹಲವಿರುವವರು ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಅಳೆಯುವುದು ಯಾವುದನ್ನು

ಗಿಡಗಳು ಬಿಡುವ ಆವಿಗಳಲ್ಲಿ ಮೂರು ಗುಂಪುಗಳನ್ನು ತಿಳಿದಿದ್ದರೆ ಸಾಕು. ಐದು ಇಂಗಾಲದ ಐಸೊಪ್ರೀನ್, ಹತ್ತು ಇಂಗಾಲದ ಮೊನೊಟರ್ಪೀನ್‌ಗಳು, ಹದಿನೈದು ಇಂಗಾಲದ ಸೆಸ್ಕ್ವಿಟರ್ಪೀನ್‌ಗಳು. ಪೈನೀನ್, ಲಿಮೊನೀನ್ ಎರಡನೆಯ ಗುಂಪಿನವು. ಲವಂಗ, ಮೆಣಸಿನ ಘಾಟಿನಲ್ಲಿರುವ ಕ್ಯಾರಿಯೊಫಿಲೀನ್ ಮೂರನೆಯ ಗುಂಪಿಗೆ ಸೇರಿದ್ದು.

ಇವುಗಳಲ್ಲಿ ಮೂಗಿಗೆ ಹತ್ತದ ಐಸೊಪ್ರೀನ್‌ನದೇ ದೊಡ್ಡ ಪಾಲು. ಭೂಮಿಯ ಮೇಲಿನ ಗಿಡಮರಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 50 ಕೋಟಿ ಟನ್ ಐಸೊಪ್ರೀನ್ ಬಿಡುತ್ತವೆ ಎಂಬುದು ಒಪ್ಪಿತ ಅಂದಾಜು. ಎಲೆಗಳು ಇದನ್ನು ಹೊರಬಿಡುತ್ತವೆ ಎಂದು 1957ರಲ್ಲಿ ಮೊದಲು ತೋರಿಸಿದವರು ಜಾರ್ಜಿಯಾದ ವಿಜ್ಞಾನಿ ಸನಾಡ್ಜೆ. ಎಲೆ ಇದನ್ನು ಕೂಡಿಡುವುದಿಲ್ಲ. ಬಿಸಿಲು ಬಿದ್ದಾಗ ತಯಾರಿಸಿ ಆಗಲೇ ಬಿಟ್ಟುಬಿಡುತ್ತದೆ, ಕತ್ತಲಾದರೆ ನಿಲ್ಲಿಸುತ್ತದೆ. ಎಲ್ಲ ಗಿಡಗಳೂ ಇದನ್ನು ಬಿಡುವುದಿಲ್ಲ. ಬಿದಿರು, ನೀಲಗಿರಿ, ಆಲ-ಅರಳಿಯ ಬಳಗದ ಹಲವು ಮರಗಳು ಬಿಡುತ್ತವೆ.

ಮೊನೊಟರ್ಪೀನ್‌ಗಳ ಬಗೆ ಬೇರೆ. ನೀಲಗಿರಿ, ಲಕ್ಕಿ, ಕಾಶಿಹುಲ್ಲಿನಂತಹ ಪರಿಮಳದ ಸಸ್ಯಗಳು ಅವನ್ನು ಎಲೆಯೊಳಗಿನ ಗ್ರಂಥಿಗಳಲ್ಲಿ ತುಂಬಿಟ್ಟಿರುತ್ತವೆ. ಹಾಗಾಗಿ ರಾತ್ರಿಯೂ ಅಷ್ಟಿಷ್ಟು ಸೋರುತ್ತಲೇ ಇರುತ್ತದೆ. ಸೆಕೆ 10 ಡಿಗ್ರಿ ಏರಿದರೆ ಈ ಸೋರಿಕೆ ಸುಮಾರು ಎರಡೂವರೆ ಪಟ್ಟು ಏರುತ್ತದೆ. ಬೆಳಗಿನ 22 ಡಿಗ್ರಿಯ ಅಳತೆಯನ್ನೂ ಮಧ್ಯಾಹ್ನದ 32 ಡಿಗ್ರಿಯ ಅಳತೆಯನ್ನೂ ಸೇರಿಸಿ ಸರಾಸರಿ ತೆಗೆದರೆ ಬರುವ ಅಂಕಿ ಯಾವ ಹೊತ್ತಿಗೂ ಸೇರಿದ್ದಲ್ಲ.

ಇನ್ನೊಂದು ಗೊಂದಲವನ್ನು ಈಗಲೇ ಬಗೆಹರಿಸಿಕೊಳ್ಳಿ. ಗಾಳಿಯಲ್ಲಿ ಎಷ್ಟಿದೆ ಎನ್ನುವುದು ಒಂದು ಪ್ರಶ್ನೆ, ಗಿಡ ಎಷ್ಟು ಬಿಡುತ್ತಿದೆ ಎನ್ನುವುದು ಮತ್ತೊಂದು. ಹಗಲಿನಲ್ಲಿ ಐಸೊಪ್ರೀನ್ ಗಾಳಿಯಲ್ಲಿ ಒಂದೆರಡು ಗಂಟೆಗಿಂತ ಹೆಚ್ಚು ಬಾಳುವುದಿಲ್ಲ. ಕ್ಯಾರಿಯೊಫಿಲೀನ್ ಅನ್ನು ಓಝೋನ್ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ಮೇಲೆ ಗಾಳಿಯ ಬೀಸು ಬೇರೆ. ಮೊದಲ ಪ್ರಶ್ನೆಗೆ ಕೊಳವೆ ಮತ್ತು ಪಂಪ್ ಸಾಕು. ಎರಡನೆಯದಕ್ಕೆ ಕೊಂಬೆಗೆ ಚೀಲ ಕಟ್ಟಬೇಕು. ಮೊದಲನೆಯದರಿಂದ ಆರಂಭಿಸಿ.

ಜಾಗ ಮತ್ತು ಅನುಮತಿ

ಬಿಂಕದಕಟ್ಟಿಯಿಂದ ಸಿಂಗಟಾಲೂರಿನ ಕಡೆಗೆ ಚಾಚಿಕೊಂಡ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ವಿಸ್ತೀರ್ಣ 244 ಚದರ ಕಿಲೋಮೀಟರಿನಷ್ಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನ ಪ್ರಕಾರ ಅಭಯಾರಣ್ಯದೊಳಗೆ ವೈಜ್ಞಾನಿಕ ಅಧ್ಯಯನಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅರ್ಜಿಯಲ್ಲಿ ಎಲೆ ಕೀಳುತ್ತೀರೋ ಇಲ್ಲವೋ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಅನುಮತಿ ಬರುವವರೆಗೆ ಗುಡ್ಡದ ಅಂಚಿನ ಹೊಲದ ಬದುಗಳಲ್ಲಿ, ಮಾಲೀಕರನ್ನು ಕೇಳಿ, ಕೈ ಪಳಗಿಸಿಕೊಳ್ಳಬಹುದು. ನಾವು ಡೋಣಿಯ ಕಡೆ ಮಾಡಿದ್ದು ಅದನ್ನೇ.

ಹೋಲಿಕೆಗೆ ಎರಡನೆಯ ಜಾಗವೊಂದಿದ್ದರೆ ಕೆಲಸಕ್ಕೆ ರುಚಿ ಬರುತ್ತದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ನೀಲಗಿರಿ ನೆಡುತೋಪುಗಳಿವೆ. ಐಸೊಪ್ರೀನ್, ಸಿನಿಯೋಲ್ ಎರಡನ್ನೂ ಧಾರಾಳವಾಗಿ ಬಿಡುವ ಮರ ಅದು. ಕುರುಚಲು ಕಾಡಿನ ಬಂದರಿಕೆ, ಲಕ್ಕಿಗಳ ನಡುವಿನ ಗಾಳಿಗೂ ಆ ತೋಪಿನ ಗಾಳಿಗೂ ಇರುವ ಅಂತರವನ್ನು ಹೊಸಬರ ಕೊಳವೆಗಳೂ ಹಿಡಿದುಕೊಡುತ್ತವೆ. ಅಲ್ಲಿಗೂ ಅನುಮತಿ ಬೇಕೇ ಬೇಕು.

ಕಾಲದ ಆಯ್ಕೆ ಹೀಗೆ. ಮಾರ್ಚ್ ಹೊತ್ತಿಗೆ ಎಲೆ ಉದುರಿ ಗುಡ್ಡ ಬೋಳಾಗಿರುತ್ತದೆ. ಎಲೆ ಇಲ್ಲದ ಮೇಲೆ ಅಳೆಯುವುದೇನನ್ನು? ಮುಂಗಾರಿನಲ್ಲಿ ಹಸಿರಿದ್ದರೂ ಅಲ್ಲಿ ಬೀಸುವ ಗಾಳಿಗೆ ಎಲ್ಲವೂ ಚದುರುತ್ತದೆ. ಆ ಸಾಲಿನಲ್ಲಿ ಗಾಳಿಯಂತ್ರಗಳು ತಲೆಯೆತ್ತಿರುವುದು ಸುಮ್ಮನೆ ಅಲ್ಲ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನನ್ನ ಆಯ್ಕೆ. ಹೊಲಗಳಲ್ಲಿ ಕಟ್ಟಿಗೆ ಕಸ ಸುಡುವ ದಿನಗಳನ್ನು ತಪ್ಪಿಸಿ.

ಸಾಮಾನು

ಕೊಳವೆ ಎಂದರೆ ಮೂರೂವರೆ ಇಂಚು ಉದ್ದ, ಕಾಲು ಇಂಚು ದಪ್ಪದ ಉಕ್ಕಿನ ಅಥವಾ ಗಾಜಿನ ನಳಿಗೆ. ಒಳಗೆ ಆವಿ ಹೀರುವ ಪುಡಿ. ಟೆನಾಕ್ಸ್ ಎಂಬ ಪುಡಿ ಮೊನೊಟರ್ಪೀನ್‌ಗಳನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಐಸೊಪ್ರೀನ್ ಅದರ ಕೈಗೆ ನಿಲ್ಲುವುದಿಲ್ಲ. 34 ಡಿಗ್ರಿಗೇ ಕುದಿಯುವ ವಸ್ತು, ಈ ಬದಿ ಹೊಕ್ಕು ಆ ಬದಿ ಹಾರಿಹೋಗುತ್ತದೆ. ಹಾಗಾಗಿ ಮುಂದೆ ಟೆನಾಕ್ಸ್, ಹಿಂದೆ ಇನ್ನೂ ಬಿಗಿಯಾಗಿ ಹಿಡಿಯುವ ಇಂಗಾಲದ ಪುಡಿ ಇರುವ ಜೋಡಿ ಪದರದ ಕೊಳವೆಯನ್ನೇ ಕೇಳಿ ಪಡೆಯಿರಿ. ಗಾಳಿ ಟೆನಾಕ್ಸ್ ಬದಿಯಿಂದಲೇ ಒಳಹೋಗಬೇಕು. ತಿರುಗಾಮುರುಗಾ ಹಿಡಿದರೆ ಭಾರದ ಅಣುಗಳು ಇಂಗಾಲದ ಪದರಕ್ಕೆ ಕಚ್ಚಿಕೊಂಡು ಎಷ್ಟು ಕಾಯಿಸಿದರೂ ಸರಿಯಾಗಿ ಹೊರಬರುವುದಿಲ್ಲ. ಕೊಳವೆಯ ಮೇಲಿನ ಬಾಣದ ಗುರುತನ್ನು ಎರಡು ಸಲ ನೋಡಿ.

ಪಂಪ್ ಸಣ್ಣದು ಸಾಕು. ಕಾರ್ಖಾನೆಗಳಲ್ಲಿ ಕೆಲಸಗಾರರ ಸೊಂಟಕ್ಕೆ ಸಿಕ್ಕಿಸುವ ಬ್ಯಾಟರಿ ಪಂಪ್ ನಿಮಿಷಕ್ಕೆ 100 ಮಿಲಿಲೀಟರ್ ಎಳೆಯುವಂತೆ ಹೊಂದಿಸಿಕೊಳ್ಳಿ. ಪಂಪ್ ಯಾವಾಗಲೂ ಕೊಳವೆಯ ಹಿಂದಿರಬೇಕು, ಮುಂದಲ್ಲ. ಆಗ ಅದರ ಒಳಗಿನ ಎಣ್ಣೆ, ಪ್ಲಾಸ್ಟಿಕ್‌ಗಳ ವಾಸನೆ ಕೊಳವೆಯನ್ನು ಮುಟ್ಟುವುದಿಲ್ಲ.

ಹರಿವನ್ನು ಪರೀಕ್ಷಿಸಲು ದುಬಾರಿ ಉಪಕರಣ ಬೇಕಾಗಿಲ್ಲ. ಪಿಯು ಕಾಲೇಜಿನ ಯಾವ ಪ್ರಯೋಗಾಲಯದಲ್ಲೂ ಬ್ಯೂರೆಟ್ ಇದೆ. ಅದನ್ನು ತಲೆಕೆಳಗಾಗಿ ನಿಲ್ಲಿಸಿ, ತೆರೆದ ಬಾಯಿಗೆ ಸಾಬೂನು ನೀರು ತಾಗಿಸಿ, ನಲ್ಲಿಯ ತುದಿಯನ್ನು ಒಂದು ಹಳೆಯ ಕೊಳವೆಯ ಮೂಲಕ ಪಂಪಿಗೆ ಜೋಡಿಸಿ ನಲ್ಲಿಯನ್ನು ತೆರೆಯಿರಿ. ಸಾಬೂನಿನ ಪೊರೆಯೊಂದು ಗಾಜಿನೊಳಗೆ ನಿಧಾನವಾಗಿ ಏರುತ್ತದೆ. ಗೀಟುಗಳ ನಡುವಿನ 50 ಮಿಲಿಲೀಟರನ್ನು ಅದು 30 ಸೆಕೆಂಡಿನಲ್ಲಿ ದಾಟಿದರೆ ಹರಿವು ಸರಿಯಾಗಿದೆ. ಹಳೆಯ ಕೊಳವೆಯನ್ನು ನಡುವೆ ಸೇರಿಸಲು ಮರೆಯಬೇಡಿ. ಪುಡಿಯ ತಡೆ ಇಲ್ಲದೆ ತೆಗೆದ ಹರಿವು ಸುಳ್ಳು ಹೇಳುತ್ತದೆ. ಈ ಪರೀಕ್ಷೆಯನ್ನು ಊರಿನಲ್ಲಿ ಒಮ್ಮೆ ಮಾಡಿದರೆ ಸಾಲದು. ಜಾಗದಲ್ಲಿ ಕೆಲಸಕ್ಕೆ ಮೊದಲು, ಕೆಲಸದ ಕೊನೆಗೆ ಮತ್ತೆ ಮಾಡಿ.

ಓಝೋನ್ ತಡೆಯಲು ಕೊಳವೆಯ ಮುಂದೊಂದು ಗಾಜಿನ ನೂಲಿನ ಫಿಲ್ಟರ್ ಬೇಕು. ಸೋಡಿಯಂ ಥಯೋಸಲ್ಫೇಟ್, ಅಂದರೆ ಹಳೆಯ ಫೋಟೊ ಸ್ಟುಡಿಯೋಗಳ ಹೈಪೋ ದ್ರಾವಣದಲ್ಲಿ ಅದ್ದಿ ಒಣಗಿಸಿದರೆ ಅದು ಓಝೋನನ್ನು ನುಂಗಿ ಟರ್ಪೀನ್‌ಗಳನ್ನು ಬಿಟ್ಟುಕೊಡುತ್ತದೆ. ಇದಿಲ್ಲದಿದ್ದರೆ ಹಿಡಿದ ಆವಿ ಕೊಳವೆಯೊಳಗೇ ಕರಗುತ್ತಾ ಹೋಗುತ್ತದೆ.

ಜೋಡಣೆಗೆ ಟೆಫ್ಲಾನ್ ನಳಿಗೆಯನ್ನಷ್ಟೇ ಬಳಸಿ. ರಬ್ಬರ್ ನಳಿಗೆ ಎಲ್ಲ ಲ್ಯಾಬುಗಳಲ್ಲೂ ಕೈಗೆ ಸಿಗುತ್ತದೆ, ಆಸೆ ಹುಟ್ಟಿಸುತ್ತದೆ. ಆದರೆ ರಬ್ಬರ್ ಎಂದರೇನು? ಐಸೊಪ್ರೀನ್ ಕೊಂಡಿಗಳನ್ನೇ ಪೋಣಿಸಿದ ಸರ. ಹುಡುಕುವ ವಸ್ತುವಿನ ನಂಟನನ್ನೇ ಬಾಗಿಲಲ್ಲಿ ಕೂರಿಸಿಕೊಂಡ ಹಾಗಾಗುತ್ತದೆ.

ಹೊರಡುವ ದಿನ

ಸ್ನಾನದ ಸಾಬೂನು ಇರಲಿ, ಅದನ್ನು ಬಿಡಿ ಎನ್ನಲಾರೆ. ತಲೆಗೆ ಎಣ್ಣೆ, ಸೆಂಟು, ಸೊಳ್ಳೆಯ ಮುಲಾಮು, ಕೈಗೆ ಸ್ಯಾನಿಟೈಸರ್ ಬೇಡ. ಬುತ್ತಿಯಲ್ಲಿ ರೊಟ್ಟಿ ಚಟ್ನಿ ಕಟ್ಟಿಕೊಂಡು ಹೋದರೆ ಕೊಳವೆಯಿಂದ ದೂರ ಕುಳಿತು ತಿನ್ನಿ. ಕಿತ್ತಳೆ ಹಣ್ಣನ್ನಂತೂ ಒಯ್ಯಲೇಬೇಡಿ. ಸಿಪ್ಪೆ ಸುಲಿದಾಗ ಚಿಮ್ಮುವ ಸಣ್ಣ ಹನಿಗಳು ಬಹುಪಾಲು ಲಿಮೊನೀನ್. ಒಂದು ಹಣ್ಣು ಇಡೀ ಬೆಳಗಿನ ಕೆಲಸ ಕೆಡಿಸುತ್ತದೆ. ಗುಡಿಯ ಸಮೀಪ ನಿಲ್ಲುವುದಾದರೆ ಕರ್ಪೂರದಾರತಿಯ ಹೊತ್ತು ನೋಡಿಕೊಳ್ಳಿ. ಕರ್ಪೂರವೂ ಇದೇ ಬಳಗದ್ದು.

ವಾಹನವನ್ನು ಗಾಳಿ ಬೀಸಿಹೋಗುವ ದಿಕ್ಕಿನಲ್ಲಿ ದೂರ ನಿಲ್ಲಿಸಿ, ಉಳಿದದ್ದನ್ನು ನಡೆಯಿರಿ. ನೀವೂ ಆ ದಿಕ್ಕಿನಲ್ಲೇ ನಿಲ್ಲಬೇಕು. ಮನುಷ್ಯನ ಉಸಿರಿನಲ್ಲೂ ಐಸೊಪ್ರೀನ್ ಇರುತ್ತದೆ, ಅದೂ ನೂರು ಪಿಪಿಬಿಯ ಆಸುಪಾಸು. ಕಾಡಿನ ಗಾಳಿಯಲ್ಲಿ ನಾವು ಹುಡುಕುವುದು ಒಂದೋ ಎರಡೋ ಪಿಪಿಬಿ, ಅಂದರೆ ನೂರು ಕೋಟಿ ಅಣುಗಳಲ್ಲಿ ಒಂದೋ ಎರಡೋ. ಕೊಳವೆಯ ಬಾಯಿಗೆ ಮುಖವಿಟ್ಟು ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡಿದರೆ ಮುಗಿಯಿತು, ನಿಮ್ಮನ್ನೇ ಅಳೆದುಕೊಂಡಿರಿ.

ಕುರಿ ಕಾಯುವ ಅಜ್ಜನೊಬ್ಬ ಬಂದು, "ಏನ್ರೀ ಸರ್, ಗಾಳಿ ತುಂಬಿಕೊಂಡು ಹೋಗುತ್ತೀರೇನು?" ಎಂದು ಕೇಳಿದರು. ಹೌದೆಂದೆ. ಬೀಡಿ ಹಚ್ಚುವ ಮೊದಲು ಅವರನ್ನು ಆ ಕಡೆ ಕೂರಿಸಿ ಮಾತಿಗೆಳೆಯಲು ಒಬ್ಬರು ಬೇಕಾಗುತ್ತದೆ. ಇಬ್ಬರಲ್ಲ, ಮೂವರು ಹೋಗಿ ಎನ್ನುವುದು ಅದಕ್ಕೇ.

ಗಾಳಿ ಹಿಡಿಯುವುದು

ಕಬ್ಬಿಣದ ಕೋಲೊಂದಕ್ಕೆ ಕೊಳವೆಯನ್ನು ಎರಡು ಮೀಟರ್ ಎತ್ತರದಲ್ಲಿ ಕಟ್ಟಿ. ಎಲೆಗೆ ತಾಗಬಾರದು. ಬಿಸಿಲು ನೇರವಾಗಿ ಬೀಳದಂತೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಏಕೆಂದರೆ ಕಾದ ಕೊಳವೆ ಹಿಡಿದದ್ದನ್ನು ಬಿಟ್ಟುಬಿಡುತ್ತದೆ. ಪೌಡರ್ ಇಲ್ಲದ ಕೈಗವಸು ತೊಟ್ಟು ಮುಚ್ಚಳ ತೆಗೆಯಿರಿ, ಫಿಲ್ಟರ್ ಸೇರಿಸಿ, ಪಂಪ್ ಶುರು ಮಾಡಿ, ಗಡಿಯಾರ ನೋಡಿ ಬರೆದುಕೊಳ್ಳಿ. 20 ನಿಮಿಷಕ್ಕೆ ಎರಡು ಲೀಟರ್ ಗಾಳಿ ಹಾಯುತ್ತದೆ. ಅಷ್ಟು ಸಾಕು. ಹೆಚ್ಚು ಎಳೆದರೆ ಹೆಚ್ಚು ಸಿಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಐಸೊಪ್ರೀನ್ ಹಿಂಬದಿಯಿಂದ ಜಾರುತ್ತದೆ, ತೇವದ ದಿನವಾದರೆ ನೀರೂ ತುಂಬಿಕೊಳ್ಳುತ್ತದೆ.

ಜಾರಿದೆಯೇ ಎಂದು ತಿಳಿಯಲು ದಿನಕ್ಕೊಮ್ಮೆಯಾದರೂ ಎರಡು ಕೊಳವೆಗಳನ್ನು ಒಂದರ ಹಿಂದೊಂದು ಜೋಡಿಸಿ. ಹಿಂದಿನದರಲ್ಲಿ ಮುಂದಿನದರ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಸಿಕ್ಕರೆ ಸಮಯ ಕಡಿಮೆ ಮಾಡಿ. ಇನ್ನೊಂದು ಕೊಳವೆಯನ್ನು ಜಾಗಕ್ಕೆ ಒಯ್ದು, ಮುಚ್ಚಳ ತೆಗೆದು, ಪಂಪ್ ಹಚ್ಚದೆ ಮತ್ತೆ ಮುಚ್ಚಿ ತನ್ನಿ. ಇದು ಖಾಲಿ ಕೊಳವೆ. ದಾರಿಯಲ್ಲಿ, ಪೆಟ್ಟಿಗೆಯಲ್ಲಿ, ಕೈಯಲ್ಲಿ ಸೇರಿದ ಕಲ್ಮಷವೆಲ್ಲ ಇದರಲ್ಲಿ ಕಾಣಿಸುತ್ತದೆ. ನಮ್ಮ ಮುಲಾಮಿನ ಕತೆ ಖಚಿತವಾದದ್ದು ಖಾಲಿ ಕೊಳವೆಯಲ್ಲೂ ಮೆಂಥಾಲ್ ಕಂಡಾಗ. ಐದು ಕೊಳವೆಗೆ ಒಂದು ಖಾಲಿ ಎಂಬ ಲೆಕ್ಕ ಇಟ್ಟುಕೊಳ್ಳಿ. ಹಣ ಉಳಿಸಲು ಮೊದಲು ಕೈಬಿಡುವುದು ಇದನ್ನೇ, ಕೈಬಿಡಬಾರದ್ದೂ ಇದನ್ನೇ.

ಸೂರ್ಯ ಹುಟ್ಟುವ ಮೊದಲು ಒಂದು, ಆಮೇಲೆ ಮೂರು ಗಂಟೆಗೊಂದರಂತೆ ಸಂಜೆ ಕತ್ತಲಾಗುವವರೆಗೆ ಹಿಡಿಯಿರಿ. ನಸುಕಿನ ಕೊಳವೆಯಲ್ಲಿ ಐಸೊಪ್ರೀನ್ ತೀರ ಕಡಿಮೆ ಇರಬೇಕು. ಮೊನೊಟರ್ಪೀನ್ ಮಾತ್ರ ನಸುಕಿನಲ್ಲಿ ಮಧ್ಯಾಹ್ನಕ್ಕಿಂತ ಹೆಚ್ಚಿದ್ದರೂ ಬೆಚ್ಚಬೇಡಿ. ರಾತ್ರಿಯ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು ತೆಳು ಪದರವಾಗಿ ನಿಂತಿರುತ್ತದೆ, ಸೋರಿದ್ದೆಲ್ಲ ಅದರಲ್ಲೇ ಕೂಡುತ್ತದೆ. ಹಗಲಿನಲ್ಲಿ ಗಿಡ ಹೆಚ್ಚು ಬಿಟ್ಟರೂ ಮೇಲಕ್ಕೆ ಹರಡಿ ತೆಳ್ಳಗಾಗುತ್ತದೆ.

ಮುಗಿದ ಕೊಳವೆಯ ಹಿತ್ತಾಳೆ ಮುಚ್ಚಳವನ್ನು ಬೆರಳಿನಿಂದ ಬಿಗಿಸಿ, ಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತು ಕೊಡಿ. ಮಾರ್ಕರ್ ಪೆನ್ನಿನಿಂದ ಕೊಳವೆಯ ಮೇಲೆ ಬರೆಯಬೇಡಿ, ಅದರ ಶಾಯಿಯೂ ಆವಿಯೇ. ಕೊಳವೆಯ ಮೇಲೆ ಕೊರೆದ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಗಾಳಿಯಾಡದ ಡಬ್ಬಿಯಲ್ಲಿ, ತುಸು ಸಕ್ರಿಯ ಇದ್ದಿಲಿನೊಂದಿಗೆ, ಐಸ್ ಪೆಟ್ಟಿಗೆಯಲ್ಲಿ ತನ್ನಿ. ಮನೆಯ ಫ್ರಿಜ್ಜಿನಲ್ಲಿ ಮಾವಿನಹಣ್ಣು, ಕೊತ್ತಂಬರಿಗಳ ಪಕ್ಕ ಇಡುವುದು ಬೇಡ.

ಪ್ರಯೋಗಾಲಯಕ್ಕೆ ಕೇಳಬೇಕಾದ್ದು

ಆವಿಗಳನ್ನು ಒಂದೊಂದಾಗಿ ಬೇರ್ಪಡಿಸಿ, ಒಡೆದು, ತುಂಡುಗಳ ತೂಕದಿಂದ ಗುರುತಿಸುವ ಜಿಸಿ-ಎಂಎಸ್ ಯಂತ್ರ ವಿಶ್ವವಿದ್ಯಾಲಯಗಳ ಉಪಕರಣ ಕೇಂದ್ರಗಳಲ್ಲಿ ಇರುವುದು ಅಪರೂಪವಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಅದಲ್ಲ. ಕೊಳವೆಯನ್ನು ಕಾಯಿಸಿ ಆವಿಯನ್ನು ಯಂತ್ರದೊಳಗೆ ಕಳಿಸುವ ಥರ್ಮಲ್ ಡಿಸಾರ್ಪ್ಷನ್ ಭಾಗ ಇದೆಯೇ? ಅದಿಲ್ಲದೆ ನಿಮ್ಮ ಕೊಳವೆ ಅವರಿಗೆ ಉಕ್ಕಿನ ತುಂಡಷ್ಟೇ. ಗುಡ್ಡಕ್ಕೆ ಹೋಗುವ ಮೊದಲೇ ಇದನ್ನು ಕೇಳಿ. ಎರಡನೆಯ ಪ್ರಶ್ನೆ, ಐಸೊಪ್ರೀನ್, ಪೈನೀನ್, ಲಿಮೊನೀನ್‌ಗಳ ಪ್ರಮಾಣಿತ ಮಾದರಿಗಳೊಂದಿಗೆ ಹೋಲಿಸುತ್ತೀರಾ ಎಂಬುದು. ಕಂಪ್ಯೂಟರಿನ ಸಂಗ್ರಹದೊಂದಿಗೆ ಹೊಂದಿಸಿ ಹೆಸರು ಕೊಟ್ಟರೆ ಸಾಲದು. ಮೊನೊಟರ್ಪೀನ್‌ಗಳೆಲ್ಲ ಒಂದೇ ತೂಕದವು, ಯಂತ್ರದೊಳಗೆ ಒಡೆದಾಗ ಬಹುಪಾಲು 93 ತೂಕದ ತುಂಡನ್ನೇ ಮುಂದಿಡುತ್ತವೆ. ಯಾವುದು ಯಾವುದೆಂದು ಹೇಳುವುದು ಅವು ಹೊರಬರುವ ಸಮಯ.

ಪ್ರೋಟಾನ್ ಅಂಟಿಸಿ ಕ್ಷಣಕ್ಷಣಕ್ಕೂ ಅಳೆಯುವ ಪಿಟಿಆರ್-ಎಂಎಸ್ ಎಂಬ ಯಂತ್ರವಿದೆ, ಮೊಹಾಲಿಯ ಐಸರ್ ಸಂಸ್ಥೆಯಲ್ಲಿ ಅದರಿಂದ ಬಹಳ ಕೆಲಸ ನಡೆದಿದೆ. ಅದು ಮೊನೊಟರ್ಪೀನ್‌ಗಳ ಒಟ್ಟು ಮೊತ್ತ ಹೇಳುತ್ತದೆ, ಒಂದೊಂದನ್ನೂ ಬಿಡಿಸಿ ಹೇಳುವುದಿಲ್ಲ. ಕೊಳವೆಯ ಕೆಲಸ ಅದರೆದುರು ನಿಧಾನ ಹೌದು, ಕೀಳಲ್ಲ.

ಅಂಗಡಿಯಲ್ಲಿ ಸಿಗುವ, ಟಿವಿಒಸಿ (ಗಾಳಿಯಲ್ಲಿನ ಸಾವಯವ ಆವಿಗಳ ಒಟ್ಟು ಮೊತ್ತ) ಎಂದು ಅಂಕಿ ತೋರಿಸುವ ಅಗ್ಗದ ಮೀಟರುಗಳನ್ನು ನಂಬಿ ಗುಡ್ಡ ಹತ್ತಬೇಡಿ. ಆ ಸಂವೇದಕಕ್ಕೆ ಸ್ಯಾನಿಟೈಸರ್, ಹೊಗೆ, ನಿಮ್ಮ ಉಸಿರು, ಕಾಡು ಎಲ್ಲವೂ ಒಂದೇ.

ಲೆಕ್ಕ

ವರದಿ ಕೊಳವೆಗೆ ಇಷ್ಟು ನ್ಯಾನೊಗ್ರಾಂ ಎಂದು ಬರುತ್ತದೆ. ಉದಾಹರಣೆಗೆ ಐಸೊಪ್ರೀನ್ 14 ನ್ಯಾನೊಗ್ರಾಂ, ಖಾಲಿ ಕೊಳವೆಯಲ್ಲಿ 1.5 ಎಂದಿಟ್ಟುಕೊಳ್ಳಿ. ಕಳೆದರೆ 12.5. ಎರಡು ಲೀಟರಿನಿಂದ ಭಾಗಿಸಿದರೆ ಲೀಟರಿಗೆ 6.25 ನ್ಯಾನೊಗ್ರಾಂ, ಅದೇ ಘನ ಮೀಟರಿಗೆ 6.25 ಮೈಕ್ರೊಗ್ರಾಂ. ಪಿಪಿಬಿಗೆ ತಿರುಗಿಸುವಾಗ ಪಠ್ಯಪುಸ್ತಕದ 24.45 ಎಂಬ ಸಂಖ್ಯೆಯನ್ನು ಕಣ್ಣು ಮುಚ್ಚಿ ಬಳಸುವ ರೂಢಿಯಿದೆ. ಅದು ಸಮುದ್ರಮಟ್ಟದ, 25 ಡಿಗ್ರಿಯ ಗಾಳಿಗೆ. ನಮ್ಮ ಕಡೆ 650 ಮೀಟರ್ ಎತ್ತರದಲ್ಲಿ, 35 ಡಿಗ್ರಿಯಲ್ಲಿ ಒಂದು ಮೋಲ್ ಗಾಳಿ ಸುಮಾರು 27.3 ಲೀಟರ್ ಜಾಗ ಹಿಡಿಯುತ್ತದೆ. ಐಸೊಪ್ರೀನ್‌ನ ಅಣುತೂಕ 68 ಆದ್ದರಿಂದ ಒಂದು ಪಿಪಿಬಿ ಎಂದರೆ 2.49 ಮೈಕ್ರೊಗ್ರಾಂ. ಉತ್ತರ ಎರಡೂವರೆ ಪಿಪಿಬಿ. ಮೊನೊಟರ್ಪೀನ್‌ಗಳಿಗೆ ಅಣುತೂಕ 136 ಹಾಕಿ.

ಕೊಂಬೆಗೆ ಚೀಲ

ಟೆಫ್ಲಾನ್ ಚೀಲ ಅಥವಾ ಓವನ್‌ನಲ್ಲಿ ಬಳಸುವ ಪಾಲಿಯೆಸ್ಟರ್ ಚೀಲವನ್ನು ಕೊಂಬೆಗೆ ತೊಡಿಸಿ, ಇದ್ದಿಲಿನ ಮೂಲಕ ಹಾಯಿಸಿ ಶುದ್ಧಗೊಳಿಸಿದ ಗಾಳಿಯನ್ನು ಒಳಬಿಡಿ. ಕಿರಾಣಿ ಅಂಗಡಿಯ ಪಾಲಿಥೀನ್ ಬೇಡ. ತೊಡಿಸುವಾಗ ಎಲೆ ನಲುಗುತ್ತದೆ, ಗಿಡ ಗಾಬರಿಗೊಂಡಂತೆ ಒಮ್ಮೆಲೇ ಆವಿ ಚೆಲ್ಲುತ್ತದೆ. ಹಿಂದಿನ ಸಂಜೆ ಕಟ್ಟಿ ಮರುದಿನ ಅಳೆಯುವುದು ಒಳ್ಳೆಯದು. ಬಿಸಿಲಿನಲ್ಲಿ ಚೀಲದೊಳಗೆ ಹೊರಗಿಗಿಂತ ಸೆಕೆ ಹೆಚ್ಚು, ಆದ್ದರಿಂದ ಒಳಗಿನ ತಾಪವನ್ನೇ ಬರೆಯಿರಿ.

ಒಳಗೆ ಹೋಗುವ ಗಾಳಿ ನಿಮಿಷಕ್ಕೆ ಒಂದು ಲೀಟರ್, ಅಂದರೆ ಗಂಟೆಗೆ 60. ಹೊರಬರುವ ಗಾಳಿಯಲ್ಲಿ ಲೀಟರಿಗೆ 40 ನ್ಯಾನೊಗ್ರಾಂ, ಒಳಹೋಗುವುದರಲ್ಲಿ 2 ಇದ್ದರೆ ಗಂಟೆಗೆ 38ರ 60 ಪಟ್ಟು, 2.28 ಮೈಕ್ರೊಗ್ರಾಂ. ಆ ಎಲೆಗಳನ್ನು ಕಿತ್ತು 70 ಡಿಗ್ರಿಯಲ್ಲಿ ಎರಡು ದಿನ ಒಣಗಿಸಿದಾಗ ಮೂರು ಗ್ರಾಂ ತೂಗಿದರೆ, ಒಣ ಎಲೆಯ ಗ್ರಾಮಿಗೆ ಗಂಟೆಗೆ 0.76 ಮೈಕ್ರೊಗ್ರಾಂ. ಬೇರೆಯವರ ಅಂಕಿಯೊಂದಿಗೆ ಹೋಲಿಸುವಾಗ ಅವರದು 30 ಡಿಗ್ರಿ ಮತ್ತು 1000 ಮೈಕ್ರೊಮೋಲ್ ಬೆಳಕಿಗೆ ಸರಿಹೊಂದಿಸಿದ್ದೇ ಎಂದು ನೋಡಿ. ಅಷ್ಟು ಬೆಳಕೆಂದರೆ ಸುಮಾರು 54,000 ಲಕ್ಸ್ ಬಿಸಿಲು, ನಡುಹಗಲಿನ ಅರ್ಧದಷ್ಟು.

ಅಂಕಿ ಕೈಗೆ ಬಂದ ಮೇಲೆ

ಕಪ್ಪತಗುಡ್ಡದ ಗಾಳಿಯೇ ಔಷಧಿ ಎನ್ನುವ ಮಾತು ಗದಗಿನಲ್ಲಿ ಎಲ್ಲರ ಬಾಯಲ್ಲಿದೆ. ನಿಮ್ಮ ವರದಿ ನೋಡಿದವರು ಮೊದಲು ಕೇಳುವುದೂ ಅದನ್ನೇ. ಪಿಪಿಬಿ ಲೆಕ್ಕ ಯಾವ ಆವಿ ಎಷ್ಟಿದೆ ಎಂದಷ್ಟೇ ಹೇಳುತ್ತದೆ, ರೋಗದ ಮಾತು ಅದರಲ್ಲಿಲ್ಲ. ಅದೇ ಐಸೊಪ್ರೀನ್ ಹುಬ್ಬಳ್ಳಿ-ಧಾರವಾಡದ ನಡುವಿನ ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್‌ಗಳೊಂದಿಗೆ ಬಿಸಿಲಿನಲ್ಲಿ ಸೇರಿದರೆ ಓಝೋನ್ ಹುಟ್ಟುತ್ತದೆ, ಅದು ಎದೆಗೆ ಒಳ್ಳೆಯದಲ್ಲ. ತಪ್ಪು ಮರದ್ದಲ್ಲ, ಹೊಗೆಯದ್ದು. ಆದರೆ ಗಿಡದಿಂದ ಬಂದದ್ದೆಲ್ಲ ಮದ್ದು ಎಂದು ವರದಿಯ ಕೆಳಗೆ ಬರೆಯುವ ಮುನ್ನ ಇದು ನೆನಪಿರಲಿ.

ಟಿಪ್ಪಣಿ ಪುಸ್ತಕದಲ್ಲಿ ಕೊಳವೆಯ ಸಂಖ್ಯೆ, ಸಮಯ, ತಾಪ, ಗಾಳಿಯ ದಿಕ್ಕು, ಮೋಡ, ಹರಿವು ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಕೊನೆಯಲ್ಲಿ ಒಂದು ಖಾಲಿ ಕಾಲಂ ಬಿಟ್ಟು, ಕಣ್ಣಿಗೆ ಬಿದ್ದದ್ದನ್ನು ಅದರಲ್ಲಿ ಬರೆಯಿರಿ. ಎರಡನೆಯ ಸಲ ನಮ್ಮ ಏಳನೆಯ ಕೊಳವೆಯಲ್ಲಿ ಹೆಕ್ಸಿನಾಲ್, ಅಂದರೆ ಹುಲ್ಲು ಕತ್ತರಿಸಿದಾಗ ಮೂಗಿಗೆ ಬರುವ ಹಸಿ ವಾಸನೆಯ ವಸ್ತು, ಉಳಿದೆಲ್ಲ ಕೊಳವೆಗಳಿಗಿಂತ ಎದ್ದು ಕಾಣುತ್ತಿತ್ತು. ಮತ್ತೆ ಯಾರದೋ ಕೈಯ ಕೆಲಸ ಎಂದುಕೊಂಡು ಒಬ್ಬರ ಮುಖ ಒಬ್ಬರು ನೋಡಿದೆವು. ಪುಸ್ತಕ ತೆರೆದಾಗ ಗೆಳೆಯನ ಅಕ್ಷರದಲ್ಲಿ ಹೀಗಿತ್ತು: "11.40, ಅಜ್ಜನ ಆಡುಗಳು ಬದುವಿಗೆ ಬಂದವು, ಬಂದರಿಕೆ ಬಿಟ್ಟು ಉಳಿದದ್ದನ್ನೆಲ್ಲ ಮೇಯುತ್ತಿವೆ."